ಅಪ್ಪನ ಹರ್ನಿಯಾ ಮತ್ತು ಒಂದು ಮರದ ಬಿಲ್ಲೆ

ಮೊನ್ನೆ ಬೆಳಿಗ್ಗೆ ಸ್ನಾನದ ಮನೆಯಲ್ಲಿ ಒಂದು ಸೀನು ಬಂತು. ಸೀನುವಾಗ ನನ್ನ ಬಲಗೈ ತಾನಾಗಿಯೇ ತೊಡೆಸಂದಿಗೆ ಹೋಗಿ, ಅಲ್ಲಿ ಎದ್ದಿದ್ದ ನಿಂಬೆಹಣ್ಣಿನಷ್ಟು ಗಂಟನ್ನು ಒಳಕ್ಕೆ ಒತ್ತಿ ಹಿಡಿಯಿತು. ಎಂಟು ತಿಂಗಳಿಂದ ಹೀಗೇ ನಡೆದಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಆದರೆ ಮೊನ್ನೆ ಆ ಕೈ ಥೇಟ್ ಅಪ್ಪನ ಕೈಯಂತೆ ಕಂಡು ಗಾಬರಿಯಾಯಿತು.

ನೀವೂ ನೋಡಿರಬಹುದು, ಆಪರೇಷನ್ನುಗಳಲ್ಲೂ ಮೇಲು ಕೀಳುಂಟು. ನಮ್ಮ ಚನ್ನಪಟ್ಟಣದಲ್ಲಿ ಅಪೆಂಡಿಕ್ಸ್ ಆದವರು ಬಸ್‌ಸ್ಟ್ಯಾಂಡಿನಲ್ಲೇ ಅಂಗಿ ಎತ್ತಿ ಹೊಲಿಗೆ ತೋರಿಸುತ್ತಾರೆ. ಪಿತ್ತಕೋಶದ ಕಲ್ಲು ತೆಗೆಸಿಕೊಂಡ ನಮ್ಮ ಸೋದರತ್ತೆ, ಅವನ್ನು ಬಾಟಲಿಗೆ ಹಾಕಿ ಷೋಕೇಸಿನಲ್ಲಿಟ್ಟು, ಬಂದವರಿಗೆ ಕಾಫಿಗೂ ಮೊದಲು ಅದನ್ನೇ ತೋರಿಸುತ್ತಿದ್ದರು. ಮೂಲವ್ಯಾಧಿ, ಹರ್ನಿಯಾದವರು ಮಾತ್ರ "ಹೊಟ್ಟೇದು ಒಂದು ಸಣ್ಣ ಆಪರೇಷನ್" ಎಂದು ಹೇಳಿ ಮಳೆ ಬೆಳೆಯ ವಿಷಯಕ್ಕೆ ಹೋಗಿಬಿಡುತ್ತಾರೆ.

ಅಪ್ಪ ಅಷ್ಟನ್ನೂ ಹೇಳಲಿಲ್ಲ. ಅವರು ಬೊಂಬೆ ಕಡೆಯುವವರು. ಹರ್ನಿಯಾ ಎದ್ದಾಗ ಡಾಕ್ಟರ ಬಳಿಗೆ ಹೋಗದೆ ಲೇತಿನ ಬಳಿಗೆ ಹೋಗಿ, ಅಂಗೈ ಅಗಲದ ಮರದ ಬಿಲ್ಲೆ ಕಡೆದು, ಗಂಟಿನ ಮೇಲಿಟ್ಟು, ಬಟ್ಟೆಪಟ್ಟಿ ಬಿಗಿದು, ಮೇಲೆ ಪಂಚೆ ಉಟ್ಟುಕೊಂಡರು. ಹೀಗೆ ಆರು ವರ್ಷ. ನನಗೆ ಕಂಡದ್ದು ಸೀನುವಾಗ ಸೊಂಟದ ಕೆಳಗೆ ಹೋಗುವ ಕೈ ಮಾತ್ರ. ನಾನು ಅದನ್ನು ಅಣಕಿಸಿ ನಗುತ್ತಿದ್ದೆ.

ಒಂದು ದಿನ ಗಂಟು ಒಳಗೆ ಹೋಗಲಿಲ್ಲ. ಅಪ್ಪ ವಾಂತಿ ಮಾಡಿಕೊಂಡು ಲೇತಿನ ಪಕ್ಕದಲ್ಲೇ ಮುದುಡಿ ಬಿದ್ದಿದ್ದರು. ಆಸ್ಪತ್ರೆಗೆ ಒಯ್ದೆವು. ಸರ್ಜನ್ ಪಟ್ಟಿ ಬಿಚ್ಚಿದರೆ, ಕೆಂಪು ಹಳದಿ ಅರಗಿನ ಬಣ್ಣದಲ್ಲಿ ಫಳಫಳ ಹೊಳೆಯುವ ಬಿಲ್ಲೆ.

"ಇದಕ್ಕೆ ಬಣ್ಣ ಬೇರೆ ಯಾಕ್ರೀ?"

"ಬಣ್ಣ ಇಲ್ದಲೆ ಹೆಂಗ್ ಬುಡೋದು ಸಾ?" ಎಂದರು ಅಪ್ಪ, ಆ ನೋವಿನಲ್ಲೂ.

ಸರ್ಜನ್ ನಗಲಿಲ್ಲ. ಕರುಳು ಸಿಕ್ಕಿಕೊಂಡಿದೆ, ರಕ್ತ ಓಡುತ್ತಿಲ್ಲ, ಉಳಿಯುವ ಖಾತ್ರಿಯಿಲ್ಲ ಎಂದರು. ಮೊದಲೇ ಬಂದಿದ್ದರೆ ಇದು ನಾವು ದಿನವೂ ಮಾಡುವ ಕೆಲಸ ಎಂದೂ ಹೇಳಿದರು.

ಅಮ್ಮ ಹೊರಗಿನ ಬೆಂಚಿನ ಮೇಲೆ ಅತ್ತದ್ದು ಬೇರೆಯದಕ್ಕೆ. "ಸೊಂಟ್ನೋವ್ಗೆ ಪಟ್ಟಿ ಅಂದ್ರು, ನಂಬ್ಕಂಡೆ ಕಣ್ ಮಗ. ಆರ್ ವರ್ಸ ನಂಗೊಂದ್ ಮಾತ್ ಹೇಳ್ನಿಲ್ವಲ್ಲ. ನಾನೇನ್ ಹೊರಗ್ನೋಳಾ?" ಅಮ್ಮನ ಮುಖ ನೋಡಿ ನನಗೆ ಅಪ್ಪನ ಮೇಲೆ ಕೆಟ್ಟ ಸಿಟ್ಟು ಬಂತು. ಸಾಯುತ್ತಿರುವವರ ಮೇಲೆ ಸಿಟ್ಟು ಮಾಡಬಾರದೆಂದು ಗೊತ್ತಿದ್ದರೂ ಬಂತು.

ಒಂದು ಗೇಣು ಕರುಳು ಕತ್ತರಿಸಿ ಅಪ್ಪನನ್ನು ಉಳಿಸಿದರು. ಎಚ್ಚರವಾದ ಮೇಲೆ ಅಮ್ಮ ಅದನ್ನೇ ಕೇಳಿದರು. "ನಾಚ್ಕೆ ಆಯ್ತಿತ್ತು ಕಣಮ್ಮಿ" ಎಂದು ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿದರು. ಮನೆಗೆ ಬರುವವರೆಗೆ ಅಮ್ಮ ಅವರೊಡನೆ ಮಾತಾಡಲಿಲ್ಲ. ಹೊತ್ತು ಹೊತ್ತಿಗೆ ಗಂಜಿ ಮಾತ್ರ ಕುಡಿಸಿದರು.

ಇಷ್ಟೆಲ್ಲ ಕಣ್ಣಾರೆ ಕಂಡವನು ನಾನು. ಎಂಟು ತಿಂಗಳಿಂದ ಗಂಟು ಒತ್ತಿಕೊಂಡು ಓಡಾಡುತ್ತಿರುವವನೂ ನಾನೇ. ಲೇತಿನ ಕೆಲಸ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಟವೆಲು ಸುತ್ತಿಕೊಂಡು ಅಡುಗೆಮನೆಗೆ ಹೋದೆ. ಹೆಂಡತಿ ಉಪ್ಪಿಟ್ಟು ಕೆದಕುತ್ತಿದ್ದಳು. "ನಿನ್ಗೊಂದ್ ವಿಷ್ಯ ಹೇಳ್ಬೇಕು ಕಣೆ" ಎಂದು ಶುರುಮಾಡಿ, ನಡುವೆ ಮಳೆಯ ಕಡೆ ಹೋಗದೆ, ಎಲ್ಲ ಹೇಳಿಬಿಟ್ಟೆ. ಅವಳು ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಕಡೆ ತಿರುಗಿದಳು.

"ಎಲ್ಲಿ, ತೋರ್ಸಿ."

ಮದುವೆಯಾಗಿ ಇಪ್ಪತ್ತೆರಡು ವರ್ಷವಾದ ನಾನು ಮೊದಲು ಕಿಟಕಿ ಮುಚ್ಚಿದೆ. ಆಮೇಲೆ ತೋರಿಸಿದೆ.