ಲೋಬಾನ ಮುಗದೈತಿ

ನಾಲ್ಕು ವರ್ಷದ ಹಿಂದಿನ ಮಾತು. ಆಗ ನಾನು ಹಿಂಡಲಗಾದಿಂದ ಬೆಳಗಾವಿಯ ರಾಮತೀರ್ಥ ನಗರಕ್ಕೆ, ಬಾಣಂತಿ ಮತ್ತು ಕೂಸುಗಳಿಗೆ ಎಣ್ಣೆ ಹಚ್ಚಿ ನೀರು ಹಾಕುವ ಕೆಲಸಕ್ಕೆ ಹೋಗುತ್ತಿದ್ದೆ. ಮೂರನೇ ಇಯತ್ತೆ ಓದಿದವಳು ನಾನು, ಬರೆದದ್ದು ಹಿಂದೆಮುಂದೆ ಆದರೆ ಹೊಟ್ಟೆಗೆ ಹಾಕಿಕೊಳ್ಳಿ. ಹೋದ ತಿಂಗಳು ನನ್ನ ಮಗಳು ಹೆಣ್ಣು ಹಡೆದಿದ್ದಾಳೆ. ಮೊಮ್ಮಗಳಿಗೆ ನೀರು ಹಾಕುವಾಗ ಸಂತೋಷ ತಡೆಯಲಾಗದೆ ಹಾಡು ತಾನೇ ಬರುತ್ತದೆ. ಹಾಡಿನ ಹಿಂದೆಯೇ ಸವಿತಾ ನೆನಪಾಗುತ್ತಾಳೆ.

ಸವಿತಾ ಖಾನಾಪುರದ ಹುಡುಗಿ. ಚೊಚ್ಚಲ ಬಾಣಂತನ ತವರಿನಲ್ಲಿ ಆಗುವುದು ನಮ್ಮ ಕಡೆಯ ವಾಡಿಕೆ. ಗಂಡ ಅವಳನ್ನು ಕಳಿಸಿರಲಿಲ್ಲ. ಎಣ್ಣೆ ಹಚ್ಚುವಾಗ ಬೆನ್ನ ಮೇಲೆ ನೀಲಿಗಟ್ಟಿದ ಬಾಸುಂಡೆ ಕಂಡವು. ಜಾರಿ ಬಿದ್ದೆ ಎಂದಳು. ಜಾರಿ ಬಿದ್ದವರ ಬೆನ್ನೂ ನಾನು ನೋಡಿದ್ದೇನೆ. ನೀರು ಸುರಿಯುವ ಸಪ್ಪಳದೊಳಗೆ ಮೆಲ್ಲಗೆ, "ನಾ ದಿನಾ ಬರತೇನವಾ, ನಿನಗ ಹೇಳಬೇಕ ಅನಿಸಿದಾಗ ಹೇಳು" ಎಂದೆ. ವಾರದೊಳಗೆ ಎಲ್ಲ ಹೇಳಿದಳು.

ಸಿಟ್ಟಿನಲ್ಲಿ ನಾನು ನಾಳೆಯೇ ಹೊರಡು ಎನ್ನುವವಳಿದ್ದೆ. ಅದಕ್ಕೂ ಮೊದಲು ಮಹಿಳಾ ಸಹಾಯವಾಣಿಗೆ ಫೋನ್ ಮಾಡಿ ಕೇಳಿದೆ, ಅಲ್ಲಿಯ ಮೇಡಂ ತಡೆದರು. ಮನೆ ಬಿಡುವ ಹೊತ್ತೇ ಎಲ್ಲಕ್ಕಿಂತ ಅಪಾಯದ್ದು, ಯಾವಾಗ ಎಂಬುದನ್ನು ಅವಳೇ ಹೇಳಲಿ, ನೀವು ದಾರಿ ಸಜ್ಜು ಮಾಡಿಡಿ ಎಂದರು. ಇದಕ್ಕೆ ಸೇಫ್ಟಿ ಪ್ಲಾನ್ ಅನ್ನುತ್ತಾರಂತೆ. ಜಗಳ ಏರಿದರೆ ಅಡುಗೆಮನೆಗೆ ಹೋಗದೆ ಹೊರಬಾಗಿಲ ಕಡೆ ಇರಬೇಕು. ಆಧಾರ್, ತಾಯಿ ಕಾರ್ಡು, ಕೂಸಿನ ಅಂಗಿ ನನ್ನ ಎಣ್ಣೆ ಚೀಲದೊಳಗೆ ಒಂದೊಂದಾಗಿ ಹೊರಗೆ ಬಂದವು. ಗಂಡ ಅವಳ ಫೋನ್ ತೆಗೆದು ನೋಡುತ್ತಿದ್ದ, ಹಾಗಾಗಿ ಒಂದು ಗುರುತಿನ ಮಾತು ಬೇಕಿತ್ತು. ಕೂಸಿಗೆ ಹೊಗೆ ಹಾಕುವ ಲೋಬಾನ ಮುಗಿದಿದೆ ಎಂದು ಫೋನ್ ಬಂದರೆ ನಾನು ಪೊಲೀಸರಿಗೆ ತಿಳಿಸಿ, ಅಳಿಯನ ಆಟೋ ತರಬೇಕು ಎಂದು ಮಾತು ಮಾಡಿಕೊಂಡೆವು.

ನಮಗೆ ಅಂಜಿಕೆ ಅವಳ ಅತ್ತೆಯದು. ಬಚ್ಚಲ ಬಾಗಿಲಲ್ಲೇ ಕೂತಿರುತ್ತಿದ್ದರು. "ಎಷ್ಟೊತ್ತ ನೀರ ಹಾಕತಿ ನೀಲವ್ವ, ಎಮ್ಮಿ ತೊಳದಂಗ" ಎಂದು ಚುಚ್ಚುತ್ತಿದ್ದರು.

ಒಂದು ಮಧ್ಯಾಹ್ನ ಫೋನ್ ಬಂತು. ದನಿ ಸವಿತಾಳದಲ್ಲ, ಅತ್ತೆಯದು.

"ನೀಲವ್ವ, ಲೋಬಾನ ಮುಗದೈತಿ. ಲಗೂನ ಬಾ."

ಬೆಳಿಗ್ಗೆಯಷ್ಟೇ ನಾನು ಆ ಡಬ್ಬಿ ತುಂಬಿಟ್ಟು ಬಂದಿದ್ದೆ. ಬಚ್ಚಲ ಬಾಗಿಲಲ್ಲಿ ಕೂತು ನಮ್ಮ ಗುಟ್ಟನ್ನು ಇವರು ಕೇಳಿಸಿಕೊಂಡಿದ್ದಾರೆ. ಕರೆಯುವುದು ಕಾಪಾಡಲಿಕ್ಕೋ, ನನ್ನನ್ನು ಹಿಡಿದುಕೊಡಲಿಕ್ಕೋ? ಯೋಚಿಸುತ್ತ ನಿಲ್ಲಲಿಲ್ಲ. ಪೊಲೀಸರಿಗೆ ಫೋನ್ ಮಾಡಿ, ಅಳಿಯನನ್ನು ಎಬ್ಬಿಸಿಕೊಂಡು ಹೊರಟೆ.

ಪೊಲೀಸ್ ಜೀಪೂ ನಮ್ಮ ಬೆನ್ನಿಗೇ ಬಂತು. ಗಂಡ ಕೋಣೆಯೊಳಗಿಂದ ಬಾಗಿಲು ಒದೆಯುತ್ತಿದ್ದ. ಬೆಲ್ಟ್ ತರಲು ಒಳಗೆ ಹೋದವನ ಹಿಂದೆ ಚಿಲಕ ಹಾಕಿದವರು ಅವನನ್ನು ಹಡೆದ ತಾಯಿಯೇ. ಸವಿತಾ ಕೂಸನ್ನು ಎದೆಗವಚಿಕೊಂಡು ಗೇಟಿನ ಹತ್ತಿರ ನಿಂತಿದ್ದಳು. ತುಟಿ ಒಡೆದಿತ್ತು, ಕೂಸಿಗೆ ಏನೂ ಆಗಿರಲಿಲ್ಲ.

ಅವಳನ್ನು ಆಟೋದಲ್ಲಿ ಕೂಡಿಸಿ ಅತ್ತೆಯ ಮುಖ ನೋಡಿದೆ.

"ನನ್ನ ಕಾಲಕ್ಕ ಲೋಬಾನ ತರಾವರು ಯಾರೂ ಇರಲಿಲ್ಲ" ಎಂದರು. ಆಮೇಲೆ ಕಾಲಲ್ಲಿ ಚಪ್ಪಲಿಯೂ ಇಲ್ಲದೆ ಆಟೋ ಹತ್ತಿ ಸೊಸೆಗೆ, "ಆಚಿ ಸರಿ, ನಾನೂ ಕುಂದರತೇನಿ" ಎಂದರು.

ಮೊದಲು ಆಸ್ಪತ್ರೆ, ಆಮೇಲೆ ಸ್ಟೇಷನ್ನು, ಅಲ್ಲಿಂದ ಖಾನಾಪುರ. ಗಂಡ ಹತ್ತಿರ ಬರಬಾರದೆಂದು ಕೋರ್ಟು ಪ್ರೊಟೆಕ್ಷನ್ ಆರ್ಡರ್ ಕೊಟ್ಟಿತು. ಸಾಕ್ಷಿ ಹೇಳಿದವರೂ ಅತ್ತೆಯೇ. ಈಗ ಸವಿತಾ ಹೊಲಿಗೆ ಮಾಡುತ್ತಾಳೆ, ಅತ್ತೆ ಗುಂಡಿ ಹಚ್ಚುತ್ತಾರೆ. ಹೋದ ವಾರ ನನ್ನ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಇಬ್ಬರೂ ಬಂದಿದ್ದರು. ಸವಿತಾಳ ಮಗ ಈಗ ಅಂಗನವಾಡಿಗೆ ಹೋಗುತ್ತಾನೆ, ನನಗೂ ಅಜ್ಜಿ ಅನ್ನುತ್ತಾನೆ. ಎಷ್ಟು ಜನಕ್ಕೆ ಕೈಮುಗಿಯಲಿ ನಾನು? ಆ ಮೇಡಂಗೆ, ಅಳಿಯನಿಗೆ, ಎಲ್ಲರಿಗಿಂತ ಹೆಚ್ಚು ಆ ಹಿರಿಯಳಿಗೆ.

ಹೊಡೆತ ತಿಂದವಳಿಗೆ ಯಾಕೆ ಸುಮ್ಮನಿದ್ದೆ ಎಂದು ಕೇಳಬಾರದು, ಹೊರಗೆ ಬರಲು ಏನು ಬೇಕು ಎಂದು ಕೇಳಬೇಕು. ಕೆಲಸ ಕಲಿಸಿದ್ದು ಇದು. ಮತ್ತೊಂದೂ ಇದೆ: ಒಬ್ಬಳನ್ನು ಕರೆತರಲು ಹೋಗುವಾಗ ಆಟೋದಲ್ಲಿ ಇನ್ನೊಬ್ಬಳಿಗೆ ಜಾಗ ಇರಬೇಕು.