ಮೇವಿಸ್ ಪ್ರಾಸರ್ ನಿಲ್ಲಿಸಿದ ಲಾರಿಗಳು

ಮೇವಿಸ್ ಪ್ರಾಸರ್ ರಸ್ತೆ ದಾಟಿಸದೆ ನಮ್ಮ ಮಾರ್‌ಬ್ರೂಕಿನಲ್ಲಿ ದೊಡ್ಡವರಾದವರು ಕಡಿಮೆ. ಮಿಲ್ ಲೇನ್ ಶುರುವಾಗುವ ಕಡೆ, ಶಾಲೆಯ ಎದುರಿನ ಜೀಬ್ರಾ ಪಟ್ಟೆಯ ಪಕ್ಕದಲ್ಲಿ ಆಕೆ ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ನಿಲ್ಲುತ್ತಿದ್ದಳು. ಮೊಣಕಾಲು ಮುಚ್ಚುವ ಹಳದಿ ಕೋಟು, ಕೈಯಲ್ಲಿ ತನಗಿಂತ ಎತ್ತರದ ಕೋಲು, ಅದರ ತುದಿಗೆ ‘ನಿಲ್ಲಿ’ ಎಂದು ಬರೆದ ದುಂಡನೆಯ ಹಲಗೆ. ನೋಡಲು ದೊಡ್ಡ ಲಾಲಿಪಾಪಿನಂತೆ ಇರುವುದರಿಂದ ಈ ಕೆಲಸದವರನ್ನು ದೇಶದಲ್ಲೆಲ್ಲ ಲಾಲಿಪಾಪ್ ಹೆಂಗಸು ಎನ್ನುತ್ತಾರೆ. ಮೇವಿಸ್‌ಗೆ ಆ ಹೆಸರು ಅಷ್ಟಾಗಿ ಹೊಂದುತ್ತಿರಲಿಲ್ಲ, ಆಕೆಯ ನಾಲಿಗೆಯಲ್ಲಿ ಸಿಹಿ ಕಡಿಮೆ. ಶೂಲೇಸು ಕಟ್ಟಿಕೊಳ್ಳದ ಹುಡುಗನಿಗೂ, ಹಲಗೆ ಕಂಡರೂ ಬ್ರೇಕು ಒತ್ತದ ಡ್ರೈವರನಿಗೂ ಒಂದೇ ತೂಕದ ಬೈಗುಳ ಸಿಗುತ್ತಿತ್ತು.

ಆಕೆ ಹುಟ್ಟಿದ್ದು ಗಿರಣಿ ಕೆರೆಯ ದಂಡೆಯ ಮನೆಯಲ್ಲಿ. ಹಿಟ್ಟಿನ ಗಿರಣಿ ಎಂದೋ ನಿಂತುಹೋಗಿತ್ತು, ಕೆರೆ ಮಾತ್ರ ಉಳಿದಿತ್ತು. ಶಾಲೆಯ ಅಡುಗೆಮನೆಯಲ್ಲಿ ಆಲೂಗೆಡ್ಡೆ ಬೇಯಿಸುತ್ತ, ಮಕ್ಕಳ ತಟ್ಟೆಗೆ ಕಸ್ಟರ್ಡ್ ಸುರಿಯುತ್ತ ಅರ್ಧ ಆಯುಷ್ಯ ಕಳೆಯಿತು. ಅಡುಗೆಯನ್ನು ಹೊರಗಿನವರ ಗುತ್ತಿಗೆಗೆ ಕೊಟ್ಟ ಮೇಲೆ ಕೈಗೆ ಸೌಟಿನ ಬದಲು ಈ ಕೋಲು ಬಂತು.

ಗಂಡ ಐವರ್ ಬಸ್ ಓಡಿಸುತ್ತಿದ್ದ. ಚಳಿಗಾಲ ಮುಗಿಯುತ್ತ ಬಂದು ಮೊದಲ ಬೆಚ್ಚನೆಯ ಮಳೆ ಬಿದ್ದ ಸಂಜೆ, ಮೇಲಿನ ಕಾಡಿನಿಂದ ನೆಲಗಪ್ಪೆಗಳು ಇಳಿದು ಬರುತ್ತವೆ. ತಾವು ಹುಟ್ಟಿದ ಕೆರೆಯಲ್ಲೇ ಮೊಟ್ಟೆ ಇಡಬೇಕೆಂಬ ಹಟ ಅವಕ್ಕೆ. ನಡುವೆ ಮಿಲ್ ಲೇನ್ ಇದೆ ಎಂಬುದು ಅವುಗಳ ಲೆಕ್ಕಕ್ಕಿಲ್ಲ. ಅಂಥದೊಂದು ಸಂಜೆ ಚಕ್ರದ ಕೆಳಗೆ ಏನೋ ಸಿಡಿದ ಸದ್ದು ಕೇಳಿ ಐವರ್ ಬಸ್ ನಿಲ್ಲಿಸಿ ಇಳಿದು ನೋಡಿದ. ಆಮೇಲೆ ಒಳಗಿದ್ದವರು ಗೊಣಗುತ್ತಿದ್ದರೂ ಕಿವಿಗೆ ಹಾಕಿಕೊಳ್ಳದೆ, ಟೋಪಿಯಲ್ಲಿ ಕಪ್ಪೆಗಳನ್ನು ತುಂಬಿ ತುಂಬಿ ಆಚೆ ದಂಡೆಗೆ ಬಿಟ್ಟು ಬಂದ. ಬಸ್ ಕಂಪನಿ ಛೀಮಾರಿ ಹಾಕಿತು. ಮರುವರ್ಷ ಅವನು ರಜೆ ಹಾಕಿ, ಬಕೆಟ್ ಹಿಡಿದು ನಿಂತ. ಅವನು ತೀರಿಕೊಂಡ ವರ್ಷ ಮಳೆ ಬಂದಾಗ ಮೇವಿಸ್ ಗೋಳಾಡುತ್ತ ಕೂರಲಿಲ್ಲ, ಬಕೆಟ್ ತೆಗೆದುಕೊಂಡು ಹೊರಟಳು. ಪಕ್ಕದ ಮನೆಯ ಗ್ಲೆನಿಸ್ ಟಾರ್ಚು ಹಿಡಿದು ಜೊತೆಗೆ ಬಂದಳು. ಅಂದಿನಿಂದ ಹಗಲಿಗೆ ಕೋಲು, ಸಂಜೆಗೆ ಬಕೆಟ್.

ಲೇನಿನ ಕೊನೆಯ ಹೊಲದಲ್ಲಿ ನಲವತ್ತು ಮನೆ ಕಟ್ಟುತ್ತೇವೆಂದು ಕಂಪನಿಯೊಂದು ಅರ್ಜಿ ಹಾಕಿದಾಗ ಊರು ಎರಡು ಭಾಗವಾಯಿತು. ಊರಿನವರನ್ನು ಒಂದು ಮಾತಿಗೆ ತರುವುದೆಂದರೆ ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗಿದ ಹಾಗೆ. ಹಾರ್ಡ್‌ವೇರ್ ಅಂಗಡಿಯ ಪ್ಯೂ ಮನೆಗಳು ಬರಲೇಬೇಕೆಂದ. ನಲವತ್ತು ಮನೆಗೆ ಎಷ್ಟು ಮೊಳೆ ಬೇಕೆಂದು ಅವನಿಗೆ ಗೊತ್ತು. ಹಲವರು ಬೇಡವೇ ಬೇಡವೆಂದರು. ಕೌನ್ಸಿಲ್ಲಿನ ಸಭೆಯಲ್ಲಿ ಊರಿನವರಿಗೆ ತಲಾ ಮೂರು ನಿಮಿಷ ಮಾತಾಡಲು ಬಿಡುತ್ತಾರೆ. ಮೇವಿಸ್ ಹಳದಿ ಕೋಟಿನಲ್ಲೇ ಎದ್ದು ನಿಂತಳು.

“ಮನೆ ಬೇಡ ಅಂತ ನಾನು ಹೇಳಲ್ಲ. ಇಲ್ಲಿ ಮನೆ ಸಿಗದೆ ನನ್ನ ಮಗಳೇ ಊರು ಬಿಟ್ಟಳು. ಕಟ್ಟಿ. ಆದ್ರೆ ನಿಮಗೆ ದಾರಿ ಬೇಕು ಅಂದ್ರೆ, ನಿಮಗಿಂತ ಮುಂಚೆ ಬಂದವರ ದಾರಿ ಮುಚ್ಚಬೇಡಿ. ಅಷ್ಟೇ.”

ಸಭೆ ಮನೆಗಳಿಗೆ ಒಪ್ಪಿಗೆ ಕೊಟ್ಟಿತು, ಜೊತೆಗೆ ಷರತ್ತು ಹಾಕಿತು. ಮೊದಲ ಇಟ್ಟಿಗೆ ಇಡುವ ಮುನ್ನ ಲೇನಿನ ಅಡಿಯಲ್ಲಿ ಕಪ್ಪೆಗಳಿಗೆ ಕೊಳವೆಯ ದಾರಿ ಆಗಬೇಕು. ಅವು ಇಳಿಯುವ ಕಾಲದಲ್ಲಿ ಕತ್ತಲು ಕವಿಯುವ ಹೊತ್ತಿಗೆ ಕಟ್ಟಡದ ಗೇಟು ಮುಚ್ಚಬೇಕು, ಆಮೇಲೆ ಒಂದು ಲಾರಿಯೂ ಲೇನಿನಲ್ಲಿ ಓಡಬಾರದು. ವಿರೋಧಿಸಿದವರು ಸೋತೆವೆಂದು ತಲೆ ತಗ್ಗಿಸಿ ಮನೆಗೆ ಹೋದರು. ಮೇವಿಸ್ ಮಾತ್ರ ಗೆದ್ದವಳ ಹಾಗೆ ಹೋಗಿ, ಗ್ಲೆನಿಸ್ ಜೊತೆ ಕೂತು ಒಂದು ಗ್ಲಾಸು ಶೆರಿ ವೈನು ಕುಡಿದಳು.

ಅಷ್ಟು ಸುಲಭವಾಗಿದ್ದರೆ ಲೋಕ ಎಂದೋ ಉದ್ಧಾರವಾಗುತ್ತಿತ್ತು. ಕೊಳವೆಯ ಸುದ್ದಿಯೇ ಇಲ್ಲದೆ ಪಾಯ ತೋಡಿದರು. ಫೆಬ್ರವರಿಯ ಕೊನೆಯಲ್ಲಿ ಬೆಚ್ಚನೆಯ ಮಳೆ ಬಿತ್ತು. ಅಂದು ಸಂಜೆ ಕಾಂಕ್ರೀಟು ತುಂಬಿದ ಲಾರಿಗಳು ಕತ್ತಲಾದ ಮೇಲೂ ಒಂದರ ಹಿಂದೊಂದು ಬಂದವು. ಮೇವಿಸ್, ಗ್ಲೆನಿಸ್ ಇಬ್ಬರೂ ಬಗ್ಗಿ ಬಗ್ಗಿ ಆರಿಸಿದರೂ ಮುಗಿಯಲಿಲ್ಲ. ಮರುದಿನ ಬೆಳಿಗ್ಗೆ ಶಾಲೆಗೆ ಬಂದ ಮಕ್ಕಳು ಲೇನಿನ ಮೇಲೆ ಕಾಲಿಡಲಾರದೆ ಅಳುತ್ತಿದ್ದವು. ಮೇವಿಸ್ ಹಿತ್ತಲಿನ ಸಲಿಕೆ ತಂದು, ಚಪ್ಪಟೆಯಾದ ಕಪ್ಪೆಗಳನ್ನು ಕೆರೆದು ತೆಗೆದು, ಬೇಲಿಯ ಬುಡದಲ್ಲಿ ಹೂತಳು. ಆಕೆಗೆ ಬಂದದ್ದು ದುಃಖವಲ್ಲ, ಮೈಯೆಲ್ಲ ಉರಿಯುವ ಸಿಟ್ಟು.

ಕೌನ್ಸಿಲ್ಲಿಗೆ ಫೋನು ಮಾಡಿದಳು. ಷರತ್ತು ಪಾಲಿಸುತ್ತಾರೋ ಇಲ್ಲವೋ ನೋಡುವ ಅಧಿಕಾರಿ ಇಡೀ ಕೌಂಟಿಗೆ ಒಬ್ಬಳೇ, ಅವಳೂ ರಜೆಯಲ್ಲಿದ್ದಳು. ವಿಷಯ ತಮ್ಮ ಗಮನದಲ್ಲಿದೆ ಎಂದು ಇನ್ಯಾರೋ ಹೇಳಿದರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿಯ ಉತ್ತರ. ನಿಮ್ಮ ಗಮನವನ್ನು ಬಕೆಟ್ಟಿಗೆ ತುಂಬಲಾಗುವುದಿಲ್ಲ ಎಂದು ಹೇಳಿ ಮೇವಿಸ್ ಫೋನು ಇಟ್ಟಳು.

ಕಟ್ಟಡದ ಮೇಲ್ವಿಚಾರಕ ಕೀರನ್ ಬೆಬ್ ಊರಿನವನೇ. ಚಿಕ್ಕವನಿದ್ದಾಗ ಮೊದಲು ಮೇವಿಸ್ ಬಡಿಸಿದ್ದನ್ನು ಉಂಡು, ಅಡುಗೆ ಗುತ್ತಿಗೆಗೆ ಹೋದ ಮೇಲೆ ದಿನಾ ಆಕೆಯ ಕೋಟಿನ ಚುಂಗು ಹಿಡಿದೇ ರಸ್ತೆ ದಾಟಿದವನು. ಆಕೆ ಗೇಟಿಗೆ ಹೋದಾಗ ಅವನು ಹೆಲ್ಮೆಟ್ ತೆಗೆದು ಕೈಯಲ್ಲಿ ಹಿಡಿದುಕೊಂಡ.

“ಕೊಳವೆ ಎಲ್ಲಪ್ಪಾ, ಕೀರನ್?”

“ಆಗತ್ತೆ ಮಿಸೆಸ್ ಪ್ರಾಸರ್. ಕೊನೇಲಿ ಹಾಕಿಸ್ತೀವಿ. ಮೇಲಿನವರು ಹಾಗೇ ಹೇಳಿದಾರೆ.”

“ಮೊದಲು ಅಂತ ಷರತ್ತಲ್ಲಿದೆ. ನೀನು ಶಾಲೇಲಿ ಊಟಕ್ಕೆ ಮುಂಚೆ ಕಸ್ಟರ್ಡ್ ತಿಂತಿದ್ದೆ, ನೆನಪಿದೆ. ಆ ಬುದ್ಧಿ ಇನ್ನೂ ಹೋಗಿಲ್ಲ.”

ಹಿಂದೆ ನಿಂತಿದ್ದ ಕೆಲಸಗಾರರು ನಕ್ಕರು. ಕೀರನ್ ಕೆಂಪಾಗಿ, ಲಾರಿ ಬರುವ ಹೊತ್ತು ತನ್ನ ಕೈಯಲ್ಲಿಲ್ಲ, ಕೆಲಸ ತಡವಾದರೆ ತನ್ನ ಕುತ್ತಿಗೆಗೆ ಬರುತ್ತದೆ ಎಂದ. ಅದು ಸುಳ್ಳೇನಲ್ಲ. ಆದರೆ ಕುತ್ತಿಗೆ ಕಪ್ಪೆಗೂ ಇರುತ್ತದೆ ಎಂದು ಹೇಳಿ ಮೇವಿಸ್ ಹೊರಟಳು.

ಮುಂದಿನ ಮಳೆಯ ಸಂಜೆ ಆಕೆ ಕೋಟು ಹಾಕಿ, ಕೋಲು ಹಿಡಿದು ಪಟ್ಟೆಯ ನಡುವೆ ನಿಂತಳು. ಲಾರಿ ಕೀರಲಿಟ್ಟು ನಿಂತಿತು. ಡ್ರೈವರ್ ತಲೆ ಹೊರಹಾಕಿ, ಮಕ್ಕಳೆಲ್ಲಿ ಎಂದು ಕೇಳಿದ. ಮೇವಿಸ್ ಕೋಲಿನಿಂದ ನೆಲ ತೋರಿಸಿದಳು. ದೊಡ್ಡದೊಂದು ಹೆಣ್ಣು ಕಪ್ಪೆ, ಬೆನ್ನ ಮೇಲೆ ಸಣ್ಣ ಗಂಡನ್ನು ಹೊತ್ತು, ಅವಸರವಿಲ್ಲದೆ ರಸ್ತೆ ದಾಟುತ್ತಿತ್ತು. ಗ್ಲೆನಿಸ್, “ನೋಡು, ಇವನೂ ನಡೆಯೋದಿಲ್ಲ, ಹೊರಿಸ್ಕೊಂಡೇ ಹೋಗ್ತಾನೆ” ಎಂದಳು. ಡ್ರೈವರ್‌ಗೆ ಅದೇನೂ ತಮಾಷೆಯಾಗಿ ಕಾಣಲಿಲ್ಲ. ಫೋನಿನಲ್ಲಿ ಚಿತ್ರ ತೆಗೆದು ದೂರು ಕಳಿಸಿದ.

ಎರಡೇ ದಿನಕ್ಕೆ ಕೌಂಟಿ ಕಚೇರಿಯಿಂದ ಟೈ ಕಟ್ಟಿದ ಒಬ್ಬ ಮನುಷ್ಯ ಬಂದ. ಷರತ್ತು ಮುರಿದವರನ್ನು ಹುಡುಕಲು ಇಲ್ಲದ ಜನ, ಮುದುಕಿಯ ಕೋಲು ಕಿತ್ತುಕೊಳ್ಳಲು ಸಿಕ್ಕರು! ಹೊತ್ತಲ್ಲದ ಹೊತ್ತಿನಲ್ಲಿ, ಮನುಷ್ಯರಲ್ಲದವರಿಗಾಗಿ ಸರ್ಕಾರದ ಹಲಗೆ ಬಳಸಿದ್ದು ತಪ್ಪು ಎಂದು ಅವನು ವಿವರಿಸಿದ. ಕೆಲಸದಿಂದ ತೆಗೆದಿದೆ ಎಂದು ಹೇಳಿ ಕೋಟನ್ನೂ ಕೋಲನ್ನೂ ತೆಗೆದುಕೊಂಡ. ಕೋಲು ಕಾರಿನೊಳಗೆ ಹಿಡಿಸಲಿಲ್ಲ. ಕೊನೆಗೆ ಕಿಟಕಿಯಿಂದ ‘ನಿಲ್ಲಿ’ ಎಂಬ ಹಲಗೆ ಹೊರಗೆ ಚಾಚಿಕೊಂಡೇ ಕಾರು ಹೋಯಿತು. ಎದುರಿಗೆ ಬಂದ ವಾಹನಗಳೆಲ್ಲ ನಿಂತು ದಾರಿ ಬಿಟ್ಟವು. ಮೇವಿಸ್ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವತ್ತು ಮಾತ್ರ ಅತ್ತಳು. ಕೋಲು ಆಕೆಯ ಕೈಗೆ ಅಷ್ಟು ಒಗ್ಗಿಹೋಗಿತ್ತು.

ಗುರುವಾರ ಮತ್ತೆ ಮಳೆ. ಗುರುವಾರ ಸಂಜೆ ನಮ್ಮೂರಿಗೆ ಮೀನು-ಚಿಪ್ಸ್ ವ್ಯಾನು ಬರುತ್ತದೆ, ಶಾಲೆಯ ಎದುರೇ ನಿಲ್ಲುತ್ತದೆ. ಆ ದಿನ ಮಳೆಗೆ ಸಿಕ್ಕಿ ವ್ಯಾನು ತಡವಾಗಿತ್ತು. ಮೇವಿಸ್ ತನ್ನ ಹಳೆಯ ಹಸಿರು ರೇನ್‌ಕೋಟು ಹಾಕಿ, ಐವರ್‌ನ ಬಕೆಟ್ಟಿಗೆ ಕಪ್ಪೆಗಳನ್ನು ಆರಿಸಿ ತುಂಬಿ ಪಟ್ಟೆಯ ಬಳಿ ನಿಂತಳು. ದೂರದಲ್ಲಿ ಲಾರಿಯ ದೀಪ ಕಂಡಿತು. ಕೋಲಿಲ್ಲದ ಮೇಲೆ ತಾನು ಬರೀ ರಸ್ತೆ ದಾಟುವ ಒಬ್ಬ ಹೆಂಗಸು ಎಂದು ಯೋಚಿಸಿದಳು. ಆಮೇಲೆ, ಜೀಬ್ರಾ ಪಟ್ಟೆಯ ಮೇಲೆ ರಸ್ತೆ ದಾಟುವ ಹೆಂಗಸಿಗೆ ಕಾನೂನಿನ ಪ್ರಕಾರ ರಾಜನ ಕಾರೂ ನಿಲ್ಲಬೇಕಲ್ಲವೇ ಎಂದು ಹೊಳೆಯಿತು.

ಬಕೆಟ್ಟಿನಿಂದ ಒಂದೇ ಒಂದು ಕಪ್ಪೆಯನ್ನು ಎರಡೂ ಕೈಯಲ್ಲಿ ಹಿಡಿದು ಪಟ್ಟೆಗೆ ಇಳಿದಳು. ಲಾರಿ ನಿಂತಿತು. ಆಚೆ ಹೋಗಿ ಕಪ್ಪೆಯನ್ನು ಹುಲ್ಲಿಗೆ ಬಿಟ್ಟಳು. ಆಕೆ ತಿರುಗಿ ಬರುವಷ್ಟರಲ್ಲಿ ಗ್ಲೆನಿಸ್ ಇನ್ನೊಂದನ್ನು ಹಿಡಿದು ಹೊರಟಿದ್ದಳು. ಮೇವಿಸ್ ಬಂದು ಬಕೆಟ್ಟಿನ ಮುಂದೆ ನಿಂತಳು, ಗ್ಲೆನಿಸ್ ಬಂದು ಆಕೆಯ ಹಿಂದೆ ನಿಂತಳು.

ನಮ್ಮ ಜನರ ಗುಣ ಎಂಥದೆಂದರೆ, ಇಬ್ಬರು ಒಬ್ಬರ ಹಿಂದೊಬ್ಬರು ನಿಂತರೆ ಮೂರನೆಯವನು ಬಂದು ಅವರ ಹಿಂದೆ ನಿಲ್ಲುತ್ತಾನೆ. ಯಾಕೆ ಎಂದು ಆಮೇಲೆ ಕೇಳುತ್ತಾನೆ. ಚಿಪ್ಸಿಗೆಂದು ಕೊಡೆ ಹಿಡಿದು ಬಂದವರೆಲ್ಲ ಸಾಲು ಕಂಡು ಸುಮ್ಮನೆ ಸೇರಿಕೊಂಡರು. ಹಾರ್ಡ್‌ವೇರ್ ಅಂಗಡಿಯ ಪ್ಯೂ ಕೂಡ ನಿಂತ. ಮುಂದಕ್ಕೆ ಬಂದು ಬಕೆಟ್ ಕಂಡಾಗ ಅವನ ಮುಖ ನೋಡಬೇಕಿತ್ತು.

“ಇದು ಮೀನಿನ ಸಾಲಲ್ವಾ?”

“ಅಲ್ಲ. ಕೈ ಚಾಚಿ,” ಎಂದಳು ಮೇವಿಸ್.

ಪ್ಯೂ ಹಿಂದೆ ನೋಡಿದ. ಹದಿನೈದು ಇಪ್ಪತ್ತು ಜನ ತನಗಾಗಿ ಕಾಯುತ್ತಿದ್ದಾರೆ. ಸರದಿ ಬಂದ ಮೇಲೆ ಸಾಲು ಬಿಟ್ಟು ಹೋಗುವಷ್ಟು ನಾಚಿಕೆಗೇಡಿ ಅವನಲ್ಲ. ಕಪ್ಪೆ ಹಿಡಿದು, ಮೂಗು ಸೊಟ್ಟ ಮಾಡಿಕೊಂಡು ದಾಟಿದ. ಆಚೆ ಬಿಟ್ಟು ಬಂದವನು ಮನೆಗೆ ಹೋಗದೆ ಸಾಲಿನ ಕೊನೆಗೆ ಹೋಗಿ ಮತ್ತೆ ನಿಂತ. ಯಾಕೆಂದು ಅವನನ್ನು ಇವತ್ತಿಗೂ ಯಾರೂ ಕೇಳಿಲ್ಲ.

ಹೋಗುವವರು, ಬರುವವರು, ಪಟ್ಟೆ ಖಾಲಿಯಾಗಲೇ ಇಲ್ಲ. ಮೂರು ಲಾರಿಗಳು ನಿಂತವು, ಬೆನ್ನಿನ ಡ್ರಮ್ಮುಗಳು ಗರಗರ ತಿರುಗುತ್ತಿದ್ದವು. ಕಾಂಕ್ರೀಟು ಯಾರಿಗಾಗಿಯೂ ಕಾಯುವುದಿಲ್ಲ, ಸುರಿಯದಿದ್ದರೆ ಡ್ರಮ್ಮಿನಲ್ಲೇ ಕಲ್ಲಾಗುತ್ತದೆ. ಕೀರನ್ ಲೇನಿನುದ್ದಕ್ಕೂ ಓಡಿ ಬಂದು, ನೇರ ಮೇವಿಸ್ ಹತ್ತಿರ ಹೋಗಲು ನೋಡಿದ. ಇಡೀ ಸಾಲು ಒಟ್ಟಿಗೆ ಕೆಮ್ಮಿತು.

“ಸಾಲು ಅಲ್ಲಿಂದ ಶುರು, ಮಗಾ,” ಎಂದ ಪ್ಯೂ.

“ನಾನು ಅವರ ಜೊತೆ ಬರೀ ಮಾತಾಡಬೇಕು.”

“ನಾವೂ ಅದಕ್ಕೇ ನಿಂತಿರೋದು,” ಎಂದರು ಯಾರೋ.

ಕೀರನ್ ಈ ಊರಲ್ಲಿ ಬೆಳೆದವನು. ಒಂದು ಗಳಿಗೆ ನಿಂತ ಜಾಗದಲ್ಲೇ ಕುದಿದ. ಆಮೇಲೆ ಸಾಲಿನ ತುದಿಗೆ ಹೋಗಿ, ಮಳೆಯಲ್ಲಿ ಹೆಜ್ಜೆ ಹೆಜ್ಜೆಯಾಗಿ ಮುಂದೆ ಬಂದ. ಮೇವಿಸ್ ಎದುರು ಬರುವ ಹೊತ್ತಿಗೆ ಅವನ ಕೋಪ ಅರ್ಧ ತೊಳೆದುಹೋಗಿತ್ತು.

“ನನ್ನ ಕೆಲಸ ಹೋಗತ್ತೆ ಮಿಸೆಸ್ ಪ್ರಾಸರ್.”

“ನಂದು ಹೋಯ್ತು. ಸತ್ತಿಲ್ಲ, ನೋಡು. ಕೊಳವೆ ಹಾಕೋವರೆಗೂ ಮಳೆ ಬಂದ ದಿನ ಎಲ್ಲ ನಾವು ಇಲ್ಲೇ ಇರ್ತೀವಿ. ಮೇಲಿನವರಿಗೆ ಹೇಳು, ಕಾಂಕ್ರೀಟು ದುಬಾರಿನೋ ಕೊಳವೆ ದುಬಾರಿನೋ ಅವರೇ ಯೋಚನೆ ಮಾಡ್ಲಿ. ಈಗ ಕೈ ಚಾಚು. ಹಿಂದಿನವರು ಕಾಯ್ತಿದಾರೆ.”

ಅವನು ಕೈ ಚಾಚಿದ. ಪಟ್ಟೆಯ ಅಂಚಿಗೆ ಬಂದು, ಆಕೆ ಕಲಿಸಿದ್ದಂತೆ ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡಿ, ತನ್ನದೇ ಲಾರಿಗಳ ಮುಂದೆ ಕಪ್ಪೆ ಹಿಡಿದು ದಾಟಿದ. ಆಚೆ ಬಿಟ್ಟ ಮೇಲೆ ಡ್ರೈವರುಗಳಿಗೆ ಹಿಂದೆ ಹೋಗಿರೆಂದು ಕೈ ಮಾಡಿದ. ಆ ಋತುವಿನಲ್ಲಿ ಕತ್ತಲಾದ ಮೇಲೆ ಲೇನಿಗೆ ಬಂದ ಕೊನೆಯ ಲಾರಿಗಳು ಅವು. ಹತ್ತು ದಿನದೊಳಗೆ ರಸ್ತೆ ಅಗೆದು ಕೊಳವೆ ಹೂತರು. ಗೋಡೆಗಳು ಏಳತೊಡಗಿದ್ದು ಆಮೇಲೆ. ಕೀರನ್‌ನ ಕೆಲಸವೂ ಉಳಿಯಿತು.

ಇಷ್ಟೆಲ್ಲ ಆದ ಮೇಲೆ ಟೈ ಕಟ್ಟಿದ ಮನುಷ್ಯ ಮತ್ತೆ ಬಂದ. ಈ ಬಾರಿ ದೊಡ್ಡ ವ್ಯಾನಿನಲ್ಲಿ, ಕೋಲನ್ನು ಮಲಗಿಸಿಕೊಂಡು. ಊರಿನವರ ಪತ್ರಗಳು ಬಂದಿವೆ, ಮೇವಿಸ್ ಒಂದು ಮಾತು ಕ್ಷಮೆ ಕೇಳಿದರೆ ಸಾಕು, ಕೋಟು ಕೋಲು ಎರಡೂ ಆಕೆಯವೇ ಎಂದ. ಮೇವಿಸ್ ಕೋಲನ್ನು ನೋಡಿದಳು. ಹಿಡಿದು ಹಿಡಿದು ಬಣ್ಣ ಹೋದ ಜಾಗವನ್ನು ಹೆಬ್ಬೆರಳಿನಿಂದ ಸವರಿದಳು.

“ಕ್ಷಮೆ ಕೇಳಬೇಕು, ನಿಜ. ಮೊದಲ ಸಂಜೆಯೇ ಲಾರಿ ನಿಲ್ಲಿಸಲಿಲ್ಲ ನಾನು. ಅದಕ್ಕೆ ಕಪ್ಪೆಗಳ ಹತ್ರ ಕೇಳ್ತೀನಿ. ನಿಮ್ಮ ಹತ್ರ ಕೇಳೋದೇನಿಲ್ಲ. ಕೋಲು ನೀವೇ ಇಟ್ಕೊಳಿ.”

ಮರುದಿನ ಬೆಳಿಗ್ಗೆ ಶಾಲೆಯ ಹೊತ್ತಿಗೆ ಆಕೆ ಹಸಿರು ರೇನ್‌ಕೋಟಿನಲ್ಲಿ, ಬರಿಗೈಯಲ್ಲಿ ಪಟ್ಟೆಯ ಬಳಿ ನಿಂತಿದ್ದಳು. ಸಂಬಳವಿಲ್ಲ, ಹಲಗೆಯಿಲ್ಲ. ಮಕ್ಕಳು ಒಬ್ಬರ ಹಿಂದೊಬ್ಬರು ಬಂದು ಆಕೆಯ ಹಿಂದೆ ಸಾಲು ನಿಂತರು. ಕಾಂಕ್ರೀಟಿನ ಲಾರಿಯೊಂದು ಲೇನಿಗೆ ತಿರುಗಲು ಬಂತು. ಮೇವಿಸ್ ಅದರ ಕಡೆ ನೋಡಲೂ ಇಲ್ಲ, ರಸ್ತೆಗೆ ಕಾಲಿಟ್ಟಳು. ಲಾರಿ ನಿಂತಿತು.