ಮೂರು ದಾರಿಯ ಕೆಂಪು ನೀರು

ಚಪ್, ಚಪ್, ಚಪ್. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಶೆಟ್ಟಿಹಳ್ಳಿಯ ಹಳೆಯ ಚಾವಡಿಯಿಂದ ಈ ಸದ್ದು ಬರುತ್ತಿತ್ತು. ಹೊಸಬರು ಕೇಳಿದರೆ ಒಳಗೆ ಯಾರೋ ಮದುವೆಮನೆಗಾಗುವಷ್ಟು ರೊಟ್ಟಿ ತಟ್ಟುತ್ತಿದ್ದಾರೆ ಎಂದುಕೊಳ್ಳಬೇಕು. ತಟ್ಟುತ್ತಿದ್ದುದು ಕೆರೆಯ ಜೇಡಿಮಣ್ಣು. ತಟ್ಟುತ್ತಿದ್ದವರು ಮೂರು, ನಾಲ್ಕು ವರ್ಷದ ಮಕ್ಕಳು.

ಅವರ ನಡುವೆ ಸೆರಗು ಸಿಕ್ಕಿಸಿ, ಮೊಣಕೈವರೆಗೆ ಮಣ್ಣಾಗಿ ಕೂತವಳು ಶಿಶುವಿಹಾರದ ಗೋಪಾಲಮ್ಮ. ಜಾಲಹಳ್ಳಿಯ ಕಾರ್ಖಾನೆಗೆ ಸೈಕಲ್ಲಿನಲ್ಲಿ ಹೋಗುವ ಅಶ್ವತ್ಥಪ್ಪನ ಹೆಂಡತಿ. ಲೋಯರ್ ಸೆಕೆಂಡರಿ ಪಾಸು ಮಾಡಿ, ಆರು ತಿಂಗಳ ತರಬೇತಿ ಮುಗಿಸಿ, ೧೯೬೧ರಲ್ಲಿ ಈ ಚಾವಡಿಗೆ ಬಂದಿದ್ದಳು. ಸರ್ಕಾರ ಕೊಟ್ಟದ್ದು ಒಂದು ಕಪ್ಪು ಹಲಗೆ, ಎರಡು ಚಾಪೆ. ಉಳಿದದ್ದನ್ನೆಲ್ಲ ಅವಳು ಊರಿನಲ್ಲೇ ಹುಡುಕಿಕೊಂಡಳು. ಒದ್ದೆ ಗೋಣಿಯ ಮೇಲೆ ರಾಗಿ ಚೆಲ್ಲಿ ದಿನವೂ ಮೊಳಕೆ ನೋಡುವುದು. ಬಾನಿಯ ನೀರಿನಲ್ಲಿ ಹೊಂಗೆಕಾಯಿ ತೇಲುತ್ತದೋ, ಹುಣಸೆಬೀಜ ಮುಳುಗುತ್ತದೋ ಎಂದು ಕೂಗಿ ಹೇಳುವುದು. ಇದ್ದಿಲಿನಿಂದ ಗೋಡೆಯ ಮೇಲೆ ಮನೆಯ ಎಮ್ಮೆ ಬರೆಯುವುದು. ಎಮ್ಮೆಗೆ ಆರು ಕಾಲು ಮೂಡಿದರೂ ಅವಳು ತಿದ್ದುತ್ತಿರಲಿಲ್ಲ. "ಸಂಜೆ ಎಮ್ಮೆ ಹತ್ರ ಹೋಗಿ ನೋಡ್ಕೊಂಡು ಬಾ" ಎನ್ನುತ್ತಿದ್ದಳು.

ಆ ವಾರ ಒಂದು ಕಾಗದ ಬಂದಿತ್ತು. ಶಿಶುವಿಹಾರಗಳ ಮೇಲ್ವಿಚಾರಣೆಯ ಮುಖ್ಯಸೇವಿಕೆ ಜಾಹಿದಾ ಶುಕ್ರವಾರ ತನಿಖೆಗೆ ಬರುವವರಿದ್ದರು. ಅಂದು ಇಪ್ಪತ್ತು ಮಕ್ಕಳಿಲ್ಲದಿದ್ದರೆ ಕೇಂದ್ರವನ್ನು ಬೇರೆ ಹಳ್ಳಿಗೆ ಕೊಡಲಾಗುವುದು. ಗೋಪಾಲಮ್ಮ ಕಾಗದವನ್ನು ಮಡಿಸಿಟ್ಟಳು. ಅವಳಲ್ಲಿ ಇಪ್ಪತ್ತಮೂರು ಮಕ್ಕಳಿದ್ದರು.

ಬುಧವಾರ ಒಬ್ಬೊಬ್ಬರ ಮುಂದೆ ಒಂದೊಂದು ತೆಂಗಿನ ಕರಟ ಇಟ್ಟು, ನೀರು ಹಾಕಿ, ಚಿಟಿಕೆ ಅರಿಶಿನ ಕದಡಿಸಿದಳು. ಆಮೇಲೆ ಎಲೆಗೆ ಹಚ್ಚುವ ಸುಣ್ಣವನ್ನು ತಾನೇ ಕಾಳಿನಷ್ಟು ಬಿಟ್ಟಳು. ಹಳದಿ ನೀರು ಕಣ್ಣೆದುರೇ ಕೆಂಪಾಯಿತು. ಮೂರು ವರ್ಷದ ಕದಿರಪ್ಪ ಬೆಚ್ಚಿ ಹಿಂದೆ ಸರಿದು, ಮತ್ತೆ ಮುಂದೆ ಬಂದು, "ಇನ್ನೊಂದ್ಸಲ" ಎಂದ. ಕಡ್ಡಿಗೆ ಹತ್ತಿ ಸುತ್ತಿ ಹಳೆಯ ಪತ್ರಿಕೆಯ ಮೇಲೆಲ್ಲ ಕೆಂಪು ಬಳಿದರು. ಮನೆಗೆ ಬಿಡುವಾಗ, ಉಳಿದ ನೀರನ್ನು ಮಕ್ಕಳು ಕುಡಿದುಬಿಟ್ಟಾರೆಂದು ಗೋಪಾಲಮ್ಮ ತಪ್ಪಲೆಗೆ ಬಗ್ಗಿಸಿ ಹೊರಗೆ ಚೆಲ್ಲಿದಳು.

ಚೆಲ್ಲಿದ್ದು ಚಾವಡಿಯ ಮುಂದೆ ಮೂರು ದಾರಿ ಕೂಡುವ ಜಾಗದಲ್ಲಿ. ಅಂದು ಅಮಾವಾಸ್ಯೆ.

ಮಗುವಿಗೆ ದೃಷ್ಟಿಯಾದರೆ ಇದೇ ಅರಿಶಿನ ಸುಣ್ಣದ ನೀರನ್ನು ನಿವಾಳಿಸಿ ಮೂರು ದಾರಿಯಲ್ಲಿ ಚೆಲ್ಲುತ್ತಾರೆ. ತುಳಿದವರಿಗೆ ಆ ಕೇಡು ಅಂಟುತ್ತದೆ ಎಂಬುದು ಊರಿನ ನಂಬಿಕೆ. ಗೋಪಾಲಮ್ಮನೂ ಅಂಥ ನೀರನ್ನು ದಾಟದೆ ಬಳಸಿ ನಡೆದೇ ಬೆಳೆದವಳು. ಆದರೆ ಅಂದು ಅವಳ ಕಣ್ಣಿಗೆ ಅದು ಬರೀ ಬಣ್ಣವಾಗಿತ್ತು. ಮಕ್ಕಳೆಲ್ಲ ಅದನ್ನು ತುಳಿದುಕೊಂಡೇ ಹೋದರು. ಸಂಜೆಗೆ ಕದಿರಪ್ಪನಿಗೆ ಜ್ವರ ಬಂತು.

ಗುರುವಾರ ಬಂದದ್ದು ಒಂದೇ ಮಗು. ಅವಳ ಸ್ವಂತ ಮಗಳು ಯಲ್ಲಮ್ಮ.

"ಅಮ್ಮಾ, ಇವತ್ತು ರಜಾನಾ?"

ಅವಳು ಉತ್ತರ ಹೇಳುವ ಮೊದಲೇ ಚಾವಡಿ ಬಿಟ್ಟುಕೊಟ್ಟಿದ್ದ ಬ್ಯಾಟರಾಯಪ್ಪ ಬಾಗಿಲಲ್ಲಿ ನಿಂತಿದ್ದ. "ಏನಮ್ಮಾ, ಪಾಠ ಏಳಕ್ಕೆ ಅಂತ ಜಾಗ ಕೊಟ್ರೆ ಇಂಗಾ ಮಾಡಾದು?"

"ಬಣ್ಣ ಕಣಣ್ಣ ಅದು."

"ಅಮಾಸೆ ದಿನ, ಮೂರು ದಾರೀಲಿ, ಬಣ್ಣ! ಓಗಿ ಸೊಣ್ಣಮ್ಮಂಗೇಳು. ಮೊಮ್ಮಗ ಮಲಗವ್ನೆ."

ಗೋಪಾಲಮ್ಮ ಮಗಳ ಕೈ ಹಿಡಿದು ನೇರ ಅಲ್ಲಿಗೆ ಹೋದಳು. ಕದಿರಪ್ಪನ ಅಜ್ಜಿ ಸೊಣ್ಣಮ್ಮ ಹೊಸ್ತಿಲಿಗೆ ಅಡ್ಡ ಕೂತಿದ್ದಳು.

"ಒಳೀಕೆ ಬರ್ಬ್ಯಾಡ. ಯಾರ ಮನೆ ಪೀಡೆ ನಿವಾಳಿಸ್ದೆ, ಅಷ್ಟೇಳು."

"ಯಾರ್ದೂ ಇಲ್ಲ ಅತ್ತೆ. ಅಲ್ಲಿ ಚೆಲ್ಲಬಾರ್ದಿತ್ತು. ತಪ್ಪಾಯ್ತು."

ಜಗಳಕ್ಕೆ ಸಿದ್ಧವಾಗಿ ಕೂತಿದ್ದ ಸೊಣ್ಣಮ್ಮ ಗೊಣಗುತ್ತ ಪಕ್ಕಕ್ಕೆ ಸರಿದಳು.

ಗೋಪಾಲಮ್ಮ ಎತ್ತಿಕೊಳ್ಳಲು ಹೋದಾಗ ಕದಿರಪ್ಪ ತೋಳು ಎಳೆದುಕೊಂಡ. ಅಂಗಿ ಸರಿಸಿ ನೋಡಿದಳು. ತೋಳು ಊದಿಕೊಂಡು ಕೆಂಪಗಾಗಿತ್ತು.

"ಅತ್ತೆ, ಹೋದ ವಾರ ಸಿಡುಬು ಬರದಂಗೆ ತೋಳಿಗೆ ದೇವಿ ಹಾಕೋರು ಬಂದಿದ್ರಲ್ಲ? ಅದು ಎದ್ದಿದೆ ನೋಡಿ. ನಮ್ಮ ಯಲ್ಲಮ್ಮಂಗೂ ಎರಡು ದಿನ ಜ್ವರ ಕಾಯ್ದಿತ್ತು."

ಸೊಣ್ಣಮ್ಮ ಬಗ್ಗಿ ನೋಡಿದಳು. "ಜ್ವರಕ್ಕೆ ಇದಾಯ್ತು. ಕೆಂಪು ನೀರಿಗೆ ಏನೇಳ್ತೀಯ?"

"ಹೇಳಲ್ಲ, ಮಾಡಿ ತೋರಿಸ್ತೀನಿ. ಅರಿಶಿನ, ಸುಣ್ಣ, ಒಂಚೂರು ಹುಣಸೆಹಣ್ಣು ಕೊಡಿ. ನಿಂಬೆಹಣ್ಣಾದ್ರೂ ಆಗುತ್ತೆ, ಆದ್ರೆ ಈಗ ನಾನು ನಿಂಬೆಹಣ್ಣು ಮುಟ್ಟಿದ್ರೆ ನೀವು ಊರೇ ಬಿಡಿಸ್ತೀರಿ."

ಸೊಣ್ಣಮ್ಮ ನಗು ಕಾಣದಿರಲೆಂದು ಒಲೆಯ ಕಡೆ ತಿರುಗಿದಳು.

ಬಟ್ಟಲಿನ ನೀರು ಕೆಂಪಾಯಿತು. ಅದಕ್ಕೆ ಗೋಪಾಲಮ್ಮ ಕಿವುಚಿದ ಹುಳಿಯನ್ನು ನಿಧಾನವಾಗಿ ಬಿಟ್ಟಳು. ಕೆಂಪು ಕದಡಿತು, ಮಾಸಿತು, ಹಳದಿಯಾಯಿತು. ಐವತ್ತು ವರ್ಷ ಈ ನೀರನ್ನು ಕಲಸಿದವಳು ಸೊಣ್ಣಮ್ಮ; ಕಲಸಿದ ಕೂಡಲೇ ಚೆಲ್ಲಿಬಿಡುತ್ತಿದ್ದಳು.

"ಅಯ್ಯೋ ನಿನ್ನ! ಎಲ್ಲೋಯ್ತೆ ಅದು?"

ಕದಿರಪ್ಪ ಮೊಣಕೈ ಊರಿ ಎದ್ದಿದ್ದ. "ಸುಣ್ಣ ಆಕಜ್ಜಿ. ತಿರ್ಗಾ ಬತ್ತದೆ."

ಸೊಣ್ಣಮ್ಮ ಬೆರಳ ತುದಿಯಲ್ಲಿ ಸುಣ್ಣ ತೆಗೆದು ಹಾಕಿದಳು, ಇನ್ನಷ್ಟು ಹಾಕಿದಳು. ಬಂತು. "ಈ ಗೇಣುದ್ದದೋನಿಗೆ ಎಂಗೆ ಗೊತ್ತಾಯ್ತೇ?"

"ನಿನ್ನೆ ಕಲ್ತಿದ್ದು ಅತ್ತೆ. ನಾಳೆ ತನಿಖೆ ಇದೆ. ಮಕ್ಕಳು ಬರದಿದ್ರೆ ಚಾವಡಿ ಮುಚ್ಚಿಬಿಡ್ತಾರೆ. ಮಿಕ್ಕೋರ ಮನೇಗೆ ಒಂದ್ಮಾತು..."

ಸೊಣ್ಣಮ್ಮ ಆಗಲೇ ಇನ್ನೊಂದು ಉಂಡೆ ಹುಣಸೆಹಣ್ಣು ನೆನೆಹಾಕುತ್ತಿದ್ದಳು.

ಶುಕ್ರವಾರ ಜಾಹಿದಾ ಬಸ್ಸಿಳಿದು, ಕೊಡೆ ಹಿಡಿದು ನಡೆದುಬಂದಾಗ ಚಾಪೆಯ ಮೇಲೆ ಯಲ್ಲಮ್ಮ ಒಬ್ಬಳೇ ಇದ್ದಳು.

"ಇಪ್ಪತ್ತಮೂರು ಅಂತ ಬರ್ದಿದ್ದೀರಿ, ಗೋಪಾಲಮ್ಮನವರೇ."

"ಇದ್ದಾರೆ ಮೇಡಂ."

"ನಾನು ಕಂಡಿದ್ದನ್ನ ತಾನೇ ಬರೀಬೇಕು?" ಜಾಹಿದಾ ಪೆನ್ನಿನ ಮುಚ್ಚಳ ತೆಗೆದರು, ಬರೆಯಲು ಮನಸ್ಸಾಗದೆ ಹಾಗೇ ಹಿಡಿದು ಕೂತರು.

ಆಗ ಬೀದಿಯಿಂದ ಸೊಣ್ಣಮ್ಮನ ಗಂಟಲು ಕೇಳಿತು. "ಏ ಮುನಿವೆಂಕಟಯ್ಯ, ನಿನ್ ಮಗೀಗೇನು ಮೂರ್ತ ನೋಡ್ಬೇಕೇನೋ? ಎತ್ಕೊಂಡ್ ಬಾರೋ ಬಿರ್ರನೆ!" ಜ್ವರ ಇಳಿದ ಕದಿರಪ್ಪ ಅವಳ ಸೊಂಟದ ಮೇಲಿದ್ದ; ಮನೆಮನೆಗೆ ತೋರಿಸಿ ಬಂದ ಅರಿಶಿನದ ಬಟ್ಟಲು ಕೈಯಲ್ಲಿತ್ತು. ಹಿಂದೆ ಮಕ್ಕಳ ಸಾಲು, ತಲೆ ಬಾಚದವರು, ಬಾಯಿ ತೊಳೆಯದವರು, ಸಂದಿಗೊಂದಿಯಿಂದ ಇನ್ನೂ ಬಂದು ಸೇರುತ್ತಲೇ ಇದ್ದರು.

ಗೋಪಾಲಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ತಲೆಗಳನ್ನು ಎಣಿಸಿದಳು; ಇಪ್ಪತ್ತು ದಾಟಿತು.

"ಅಬ್ಬಾ, ಬಂದ್ರಲ್ಲ!" ಜಾಹಿದಾ ಅವಳಿಗಿಂತ ಹಗುರಾದಂತೆ ನಕ್ಕರು. "ಸರಿ, ಹೇಳಿ. ನಿಮ್ಮ ಕೇಂದ್ರಕ್ಕೆ ಏನೇನು ಬೇಕು? ಬಣ್ಣದ ಪೆಟ್ಟಿಗೆ, ಆಟದ ಸಾಮಾನು, ಎಲ್ಲಾ ಬರ್ಕೊತೀನಿ."

"ಅವೆಲ್ಲ ಬೇಡ ಮೇಡಂ. ಆಗೋದಾದ್ರೆ ಒಂದು ಬಚ್ಚಲಗುಂಡಿ, ಬಣ್ಣದ ನೀರು ಚೆಲ್ಲೋಕೆ..." ಎನ್ನುತ್ತಲೇ ಗೋಪಾಲಮ್ಮ ಮೆಟ್ಟಿಲಿಳಿದು, ಎರಡೂ ಕೈ ಮುಂದೆ ಚಾಚಿಕೊಂಡು ಮಕ್ಕಳ ಕಡೆಗೆ ನಡೆದುಬಿಟ್ಟಳು.